ಹಗಲಲ್ಲೊಂದು ಕತ್ತಲೆಕೋಣೆ

"ಆ ಹಾರ ಸ್ವಲ್ಪ ಕೆಳಗೆ ಎಳಿ ಮನೋಜ, ಅಪ್ಪನ ಮುಖ ಕಾಣ್ತಿಲ್ಲ," ಎನ್ನುತ್ತಲೇ ಮುನಿಲಕ್ಷ್ಮಮ್ಮ ಗಂಡನ ಹಣೆಯ ಮೇಲಿನ ನೊಣ ಓಡಿಸಿದರು. ಕೋಣನಕುಂಟೆಯ ಆ ಗಲ್ಲಿಯಲ್ಲಿ ಶಾಮಿಯಾನದ ಅರ್ಧ ನೆರಳು, ಅರ್ಧ ಬಿಸಿಲು. ರಾಮಯ್ಯನವರ ತಲೆದೆಸೆಯಲ್ಲಿ ದೀಪ ಉರಿಯುತ್ತಿತ್ತು.

ಮಧುಶ್ರೀ ತುಳಸಿದಳದಿಂದ ಅವರ ತುಟಿಗೆ ನೀರು ಬಿಟ್ಟಳು. ಹದಿನೆಂಟು ವರ್ಷಗಳ ಹಿಂದೆ ಅವಳು ಗಿಡಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಅವರು ಅಟೆಂಡರ್. ಹೇಳಬೇಕಾದದ್ದೊಂದು ಅಂದಿನಿಂದ ಹೇಳದೆಯೇ ಉಳಿದಿತ್ತು.

"ಲ್ಯಾಬಿನೋರಾ?" ಮುನಿಲಕ್ಷ್ಮಮ್ಮ ಕೇಳಿದರು. "ಅಲ್ಲೇ ಇದ್ದಿದ್ರೆ ಪರ್ಮನೆಂಟ್ ಆಗೋರು. ಬಾಗ್ಲು ಹಾಕೋದು ಮರೆತು ಕೆಲಸ ಕಳ್ಕೊಂಡ್ರು. ಆಮೇಲೆ ಜೆಪಿ ನಗರದಲ್ಲಿ ಸೆಕ್ಯುರಿಟಿ. ಮನೇಲಿ ನೋಡಿದ್ರೆ ಬಾಗ್ಲು ಎರಡೆರಡು ಸಲ ಒತ್ತಿ ನೋಡೋರು. ಈಗ ಒತ್ತಿ ಏನು ಬಂತು, ಆವತ್ತು ಒತ್ತಬೇಕಿತ್ತು ಅಂತಿದ್ದೆ."

"ಅವರೇನಂತಿದ್ರು?"

"ಏನಂತಾರೆ, ನಗೋರು. ನೆನ್ನೆ ಬೆಳಗ್ಗೆನೂ ಅಂದೆ." ಸೆರಗು ಬಾಯಿಗೆ ಹೋಯಿತು.

*

ಪ್ರಯೋಗಾಲಯದ ಆ ಕತ್ತಲೆಕೋಣೆಯಲ್ಲಿ ಆಗ ಮಧ್ಯಾಹ್ನ ಹನ್ನೆರಡಕ್ಕೂ ರಾತ್ರಿ. ಸಾಲಾಗಿ ಬೀನ್ಸ್ ಗಿಡದ ಕುಂಡಗಳು. ಗಾಳಿಯ ಇಂಗಾಲ ಹಿಡಿಯುವ ಕಿಣ್ವವೊಂದು ಎಲೆಯೊಳಗಿದೆ. ಕತ್ತಲಾದರೆ ಬೇರೊಂದು ವಸ್ತು ಬಂದು ಅದಕ್ಕೆ ಅಡ್ಡ ಕೂರುತ್ತದೆ, ಬೆಳಕು ಬಿದ್ದರೆ ಜಾಗ ಬಿಡುತ್ತದೆ. ಅದನ್ನೇ ಅಳೆಯಬೇಕಿತ್ತು.

"ಅಂಗಡಿ ಷಟರ್ ಇದ್ದಂಗೆ ಅನ್ನಿ ಮೇಡಂ," ಎಂದಿದ್ದರು ರಾಮಯ್ಯ. "ನಮ್ ಹೊಲ ಲೇಔಟ್ ಆಗೋಕೆ ಮುಂಚೆ ರಾತ್ರಿ ನೀರು ಬಿಟ್ಕೊಂಡು, ಬೇಗ ಬೆಳಿಯೇ ಅಂತ ಬೀನ್ಸಿಗೆ ಬೈತಿದ್ದೆ. ಪಾಪ, ಅದು ಷಟರ್ ಎಳ್ಕೊಂಡಿರ್ತಿತ್ತು."

ಅಂದು ಮರೆತ ನೋಟ್‌ಬುಕ್ ತರಲು ಒಳಗೆ ಹೋದವಳು ಮಧುಶ್ರೀ. ಫೋನ್ ಬಂತು, ಮಾತಾಡುತ್ತಲೇ ನಡೆದುಬಿಟ್ಟಳು. ಒಂದು ಗಂಟೆಯ ನಂತರ ನೋಡಿದರೆ, ಕತ್ತಲಲ್ಲೇ ಇರಬೇಕಿದ್ದ ಎಲೆಗಳ ಮೇಲೆಲ್ಲ ಕಾರಿಡಾರಿನ ಬಿಸಿಲು. ಮೂರು ತಿಂಗಳ ಕೆಲಸ ಹಾಳು.

"ಯಾರು ಬಾಗಿಲು ತೆಗೆದಿದ್ದು?" ಪ್ರೊಫೆಸರ್ ಕೂಗಾಡಿದರು.

ಅವಳ ಫೆಲೋಶಿಪ್ ಮುಂದುವರಿಯಬೇಕೋ ಬೇಡವೋ ಎಂಬುದು ಆ ವಾರವೇ ತೀರ್ಮಾನವಾಗುವುದಿತ್ತು. ಅವಳು ನೆಲ ನೋಡಿದಳು. ರಾಮಯ್ಯ ಅವಳನ್ನು ನೋಡಿದರು.

"ನಾನೇ ಸಾರ್. ಮರೆತೆ."

*

"ಅವರು ಮರೆತಿರಲಿಲ್ಲ ಅಮ್ಮ," ಎಂದಳು ಮಧುಶ್ರೀ. "ಬಾಗ್ಲು ತೆಗೆದಿಟ್ಟು ಹೋದವಳು ನಾನು. ಅವರು ತಮ್ಮ ಮೇಲೆ ಹಾಕ್ಕೊಂಡ್ರು. ನಾನು ಸುಮ್ನಿದ್ಬಿಟ್ಟೆ."

ಮುನಿಲಕ್ಷ್ಮಮ್ಮ ದೀಪದ ಬತ್ತಿ ಮುಂದಕ್ಕೆ ತಳ್ಳಿದರು.

"ಒಂದಿನ ಬಂದು ಹೇಳಕ್ಕಾಗ್ಲಿಲ್ವೇನಮ್ಮ? ನನ್ ಬಾಯಾದ್ರೂ ಮುಚ್ತಿತ್ತು."



ಗಾಡಿ ಬಂತು. ಚಟ್ಟ ಒಳಗೆ ಸರಿಸಿದರು. ಹಿಂದಿನ ಬಾಗಿಲಿಗೆ ಮನೋಜ ಕೈ ಹಾಕಿದ.

"ಬಿಡೋ, ನಾನು ಹಾಕ್ತೀನಿ."

"ಅಮ್ಮ, ಇದೆಲ್ಲ ಹೆಂಗಸ್ರು ಮಾಡಬಾರ್ದು..."

"ಬಿಡು ಅಂದೆ."

ಬಾಗಿಲು ಎಳೆದರು. ಅಂಗೈಯಿಂದ ಒತ್ತಿ ನೋಡಿದರು. ಡ್ರೈವರ್ ಗಾಡಿ ಶುರುಮಾಡಿದ ಮೇಲೆ ಎರಡು ಹೆಜ್ಜೆ ಜೊತೆಗೇ ನಡೆದು, ಇನ್ನೊಂದು ಸಲ ಒತ್ತಿದರು.