ಬೇಸಿಗೆಯಲ್ಲಿ ನಾನಬೋಜೋ

"ಬಾಯಲ್ಲಿ ಹುಳ ಬಿದ್ದಿದೆಯೇನೇ ಮುದುಕಿ? ಆ ನಿಮ್ಮ ದೆವ್ವದ ಕತೆ ಬೊಗಳು!"

ಪಾದ್ರಿ ಬೆತ್ತದಿಂದ ನನ್ನ ಅತ್ತೆ ಬಿನೇಸಿಯ ಮೊಣಕಾಲು ತಿವಿದ. ಮಿಷನ್ ಶಾಲೆಯ ಹಾಸಿಗೆಬಟ್ಟೆ ಒಗೆಯುತ್ತಿದ್ದ ನನ್ನ ಕೈ ನೀರಲ್ಲೇ ನಿಂತಿತು. ಬೆಂಚಿನ ಮೇಲೆ ಪಟ್ಟಣದ ಸಾಹೇಬ, ತೊಡೆಯ ಮೇಲೆ ಪುಸ್ತಕ. ಅವನಿಗೆ ಬರೆದುಕೊಳ್ಳಲು ನಾನಬೋಜೋನ ಕತೆ ಬೇಕು: ಮೊಲವಾಗಿ ಹೋಗಿ ಬೆಂಕಿ ಕದ್ದು ತಂದವನು, ಹೊಟ್ಟೆಬಾಕ, ನಮ್ಮವರನ್ನು ನಗಿಸುತ್ತಲೇ ಬದುಕಿಸಿದವನು. ಮಧ್ಯಾಹ್ನದ ಉಗಿದೋಣಿಗೆ ಸಾಹೇಬ ಹೊರಡಬೇಕು.

"ಹೇಳಿದ್ರೆ ಹುಡುಗೀನ ಇವತ್ತೇ ಮನೆಗೆ ಕಳಿಸ್ತೀನಿ. ಇಲ್ಲಾಂದ್ರೆ ಇಲ್ಲೇ ಕೆಮ್ಕೊಂಡು ಬಿದ್ದಿರಲಿ," ಎಂದ ಪಾದ್ರಿ.

ಶಾಲೆಯ ಮಹಡಿಯ ಕಿಟಕಿಯಲ್ಲಿ, ಅವರು ಮನೆಗೆ ಬಿಡದೆ ಇಟ್ಟುಕೊಂಡಿದ್ದ ನನ್ನ ಮಗಳು ವಾಬನಂಗ್, ಕೂದಲು ಕತ್ತರಿಸಿದ ತಲೆ. ಅದೇ ಕೆಮ್ಮಿಗೆ ವಸಂತದಲ್ಲಿ ಇಬ್ಬರು ಹುಡುಗಿಯರು ಮಣ್ಣಾಗಿದ್ದರು. ಅವರ ಚಾದರಗಳನ್ನೂ ನಾನೇ ಒಗೆದಿದ್ದೆ.

"ಯೋಳ್ಬುಡತ್ತೆ, ನಿನ್ ಕಾಲಿಗ್ ಬೀಳ್ತೀನಿ."

"ನೆಲದ್ ಮ್ಯಾಲೆ ಹಿಮ ಇಲ್ದೆ ಅವನ ಕತೆ ಎತ್ತಂಗಿಲ್ಲ ಕಣೇ. ನಮ್ಮಕ್ಕ ಹಣ್ಣಿನ ಕಾಲ್ದಾಗೆ ಬಾಯ್ಬುಟ್ಳು. ಕಪ್ಪೆ ತೊಟ್ಲಿಗ್ ಬಂತು. ಮೂರೇ ದಿನಕ್ಕೆ ಕೂಸು ಹೋಯ್ತು."

ಹೇಳಿದರೆ ಕಪ್ಪೆಗೆ ಮಗಳು, ಹೇಳದಿದ್ದರೆ ಕೆಮ್ಮಿಗೆ ಮಗಳು.

ಅತ್ತೆಯ ಕಣ್ಣು ಹಿತ್ತಿಲ ಮಂಜಿನ ಕೊಟ್ಟಿಗೆಯತ್ತ ಹೊರಳಿತು. ಪಾದ್ರಿಯ ಮೀನು ಕೆಡದಿರಲೆಂದು ಚಳಿಗಾಲದಲ್ಲಿ ನಮ್ಮ ಗಂಡಸರೇ ಸರೋವರದಿಂದ ಕೊಯ್ದು, ಮರದ ಹೊಟ್ಟಿನಲ್ಲಿ ಹೂತಿಟ್ಟ ಮಂಜುಗಡ್ಡೆಗಳು ಅಲ್ಲಿದ್ದವು.

"ಅದ್ರಾಗೊಂದು ತರ್ಸು, ಯೋಳ್ತೀನಿ."

ಸಾಹೇಬ ನಗುತ್ತಾ ತರಿಸಿದ. ಅವಳು ಗಡ್ಡೆಯನ್ನು ಕಲ್ಲಿನಿಂದ ಕುಟ್ಟಿ, ಪುಡಿಯನ್ನು ನೆಲದ ಮೇಲೆ ಹಿಮದಂತೆ ಹರಡಿ, ಅದರಲ್ಲಿ ಬರಿಗಾಲೂರಿ ಶುರುಮಾಡಿದಳು. ಹಸಿದ ನಾನಬೋಜೋ ಮಿದುಳು ನೆಕ್ಕಲು ಕಡವೆಯ ಬುರುಡೆಯೊಳಗೆ ತಲೆ ತೂರಿಸಿದ. ತಲೆ ಈಚೆಗೆ ಬರಲಿಲ್ಲ. ಕುರುಡನಂತೆ ಢಿಕ್ಕಿ ಹೊಡೆಯುತ್ತಾ, "ನೀನ್ಯಾವ ಮರಾನೋ?" ಎಂದು ಒಂದೊಂದನ್ನೂ ಕೇಳುತ್ತಾ ಹೊರಟ. ಸಾಹೇಬ ಗೀಚಿದ್ದೇ ಗೀಚಿದ್ದು. ನನಗೆ ಕತೆ ಕೇಳಿಸಲಿಲ್ಲ. ಅವಳ ಕಾಲ್ಬೆರಳ ಸುತ್ತ ಬಿಳುಪು ಸಣ್ಣದಾಗುವುದನ್ನೇ ನೋಡುತ್ತಿದ್ದೆ.

ಕೊನೆಯ ಚೂರು ನೀರಾಯಿತು. ಅವಳು ಬಾಯಿ ಮುಚ್ಚಿದಳು.

"ಆಮೇಲೆ?" ಎಂದ ಸಾಹೇಬ.

"ಆಮ್ಯಾಕೆ ಹಿಮ ಬೀಳ್ಬೇಕು."

"ಆಟ ಆಡ್ತೀಯೇನೇ, ಸೂಳೆಮುಂಡೆ!" ಪಾದ್ರಿ ಬೆತ್ತ ಎತ್ತಿದ.

"ಹೊಡಿಯಪ್ಪ. ನಮ್ ಕೂಸ್ನ ನೀನಿಟ್ಕಂಡಿದೀಯ, ಕತೆ ಬಾಲ ನಾನಿಟ್ಕಂಡಿವ್ನಿ. ಕೂಸು ನಮ್ಮನ್ಯಾಗೆ ಉಸಿರಾಡ್ತಿದ್ರೆ, ಹಿಮ ಬಿದ್ ದಿನ ಬರ್ರಿ."

ಸಾಹೇಬ ಪೆನ್ಸಿಲ್ ನಿಲ್ಲಿಸಿ ಪಾದ್ರಿಯ ಮುಖ ನೋಡಿದ. ಪಾದ್ರಿಯ ಕೈ ಸೊಂಟದ ಬೀಗದಕೈ ಗೊಂಚಲಿಗೆ ಹೋಗಿ ಅಲ್ಲೇ ನಿಂತಿತು. ಸರೋವರದಲ್ಲಿ ದೋಣಿ ಕೂಗಿತು.

ಬೆಂಚಿನಡಿಯಿಂದ ಒಂದು ಕಪ್ಪೆ ಬಂದು ಆ ಒದ್ದೆ ನೆಲದ ಮೇಲೆ ಕೂತಿತು. ಅತ್ತೆ ನೋಡುವ ಮೊದಲೇ ನಾನು ಒಗೆಯುವ ಬಾನಿಯನ್ನು ಅದರ ಮೇಲೆ ಬೋರಲು ಹಾಕಿ ಕೂತುಬಿಟ್ಟೆ. ಮಹಡಿಯಲ್ಲಿ ಮಗಳು ಕೆಮ್ಮಿದಾಗಲೆಲ್ಲ ನನ್ನ ಕೆಳಗೆ ಅದು ಕುಪ್ಪಳಿಸುತ್ತಿತ್ತು.