ಇಪ್ಪತ್ತೊಂದನೆಯ ರ‍್ಯಾಕು

ನಿಜಲಿಂಗಪ್ಪನ ತಲೆ ಮತ್ತೆ ಎಡಕ್ಕೆ ವಾಲಿತು. ಭೀಮಣ್ಣ ಮೂರನೆಯ ಸಲ ಗದ್ದದ ಕೆಳಗಿನಿಂದ ಬಿಳಿ ಬಟ್ಟೆ ತಂದು ಹಿಂದಿನ ಗೋಡೆಯ ಮೊಳೆಗೆ ಬಿಗಿದ. ಕಾಲು ಮಡಚಿ ಕೂರಿಸಿದ ದೇಹ, ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಹತ್ತು ವರ್ಷ ಕಂಪನಿಯ ಸ್ಟೋರಿನ ಸ್ಟೂಲಿನ ಮೇಲೆ ಬೆನ್ನು ಬಾಗಿಸದೆ ಕೂತವನು ಇವತ್ತು ಕಟ್ಟಿದಷ್ಟೂ ವಾಲುತ್ತಿದ್ದ.

"ಇನ್ನೂ ಬಿಗೀ ಕಟ್ಟೋ ಭೀಮಣ್ಣ," ಎಂದಳು ನಿಜಲಿಂಗಪ್ಪನ ಹೆಂಡತಿ ಸಾವಂತ್ರವ್ವ. "ವಾಲೋದು ಅವರ ಹಣ್ಯಾಗ ಬರದಿಲ್ಲ."

ಬಿಬವೇವಾಡಿಯ ಎರಡು ಖೋಲಿಯ ಮನೆ ಮಂದಿಯಿಂದ ತುಂಬಿತ್ತು. ನಿನ್ನೆ ಸಂಜೆ ಚಾಕಣದಿಂದ ಕಂಪನಿ ಬಸ್ಸಿನಲ್ಲಿ ಬಂದ ನಿಜಲಿಂಗಪ್ಪ, ಮನೆಯ ಮೆಟ್ಟಿಲ ಮೇಲೆ ಜರಾ ಕೂಡುತ್ತೇನೆಂದು ಕೂತವನು ಏಳಲಿಲ್ಲ. ಐವತ್ತೇಳು ವರ್ಷ.

ಬಾಗಿಲ ಹತ್ತಿರ ಕೂತಿದ್ದ ಮೆಣಸಿನಕಾಯಿ ವ್ಯಾಪಾರಿ ಈರಬಸಪ್ಪ ಗಂಟಲು ಸರಿಮಾಡಿಕೊಂಡ. "ಅಲ್ಲವ್ವಾ, ಕೂಡಿಸಾಕ ನಮ್ಮ ಪೈಕಿ ಯಾರೂ ಸಿಗಲಿಲ್ಲೇನು? ಈತ ಯಾವ ಪೈಕಿ ಅನ್ನೋದರ..."

"ಈರಬಸಪ್ಪಾರ, ಹತ್ತು ವರ್ಷ ನಾ ಕಟ್ಟಿದ ಬುತ್ತಿ ಅರ್ಧ ಅವರು ಉಂಡಾರ, ಅರ್ಧ ಈತ ಉಂಡಾನ. ನೀವು ಮಾತಾಡಾಕ ಬಂದೀರಿ, ಈತ ಕೆಲಸ ಮಾಡಾಕ ಬಂದಾನ. ಇಬ್ಬರೂ ನಿಮ್ಮ ನಿಮ್ಮದು ಮಾಡ್ರಿ."

ಯಾರೋ ಕಿಸಕ್ಕನೆ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು.

ಅಷ್ಟರಲ್ಲಿ ಕಂಪನಿಯ ಮ್ಯಾನೇಜರ್ ಏಕನಾಥ ಸಾಹೇಬ ಹಾರ ಹಿಡಿದು ಬಂದ. ಅವನ ಹಿಂದೆ ದೀಪಾಲಿ, ಹೊಸ ಕಂಪ್ಯೂಟರ್ ಕೂಡಿಸಲು ಬಂದ ಹುಡುಗಿ. ಸಾಹೇಬ ಹಾರ ಹಾಕಿ, ಕೈಮುಗಿದು, ಭೀಮಣ್ಣನನ್ನು ಮೆಟ್ಟಿಲ ಕಡೆಗೆ ಕರೆದ. ಮಾತು ಮರಾಠಿಯಲ್ಲಿ ಮೆತ್ತಗೇ ಇತ್ತು.

"ಸಮಯ ಸರಿಯಿಲ್ಲ, ನನಗೂ ಗೊತ್ತು. ಆದರೆ ಸಂಜೆ ಐದಕ್ಕೆ ಹಳೇ ಕಂಪ್ಯೂಟರ್ ಒಯ್ಯಲು ಗುಜರಿಯವನು ಬರುತ್ತಾನೆ. ಅಷ್ಟರೊಳಗೆ ಈ ಕಾಗದಕ್ಕೆ ಸ್ಟೋರಿನವರ ಸಹಿ ಬೇಕು. ಇವತ್ತಿನಿಂದ ಸ್ಟೋರಿನವನು ಅಂದರೆ ನೀನೇ."

"ಏನು ಬರದದ್ರಿ ಸಾಹೇಬ್ರ?"

"ಹಳೇದರಲ್ಲಿ ಇದ್ದದ್ದೆಲ್ಲ ಹೊಸದಕ್ಕೆ ಸರಿಯಾಗಿ ಬಂದಿದೆ ಅಂತ. ಒಂದೇ ಸಾಲು."

"ಇದಕ್ಕೇ ಅಲ್ಲೇನ್ರಿ ಇವರು ಒಂದೂವರೆ ತಿಂಗಳು ಒಲ್ಲೆ ಅಂದದ್ದು?"

"ಅವರು ಹೋದರು, ಭೀಮಣ್ಣ. ನೀನು ಇನ್ನೂ ಗುತ್ತಿಗೆಯ ಪಟ್ಟಿಯಲ್ಲಿ ಇದ್ದೀಯ. ಪಟ್ಟಿ ತಿಂಗಳಿಗೊಮ್ಮೆ ಹೊಸದಾಗುತ್ತದೆ."

ಭೀಮಣ್ಣ ಕಾಗದ ಮುಟ್ಟಲಿಲ್ಲ. "ಮಣ್ಣಾಗಲಿ ಮೊದಲ," ಎಂದು ಒಳಗೆ ಹೋದ.

*

ಚಾಕಣದ ಕಂಪನಿಯ ಆ ಶೆಡ್ಡಿಗೆ ಇಟ್ಟಿಗೆ ಹೊತ್ತವನೇ ಭೀಮಣ್ಣ. ಸುರಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಗುಂಪು ಶೆಡ್ಡು ಮುಗಿದ ಮೇಲೆ ಬೇರೆ ಕಡೆ ಗಂಟು ಕಟ್ಟಿದಾಗ, ಇವನೊಬ್ಬನನ್ನು ನಿಜಲಿಂಗಪ್ಪ ಸ್ಟೋರಿಗೆಂದು ಉಳಿಸಿಕೊಂಡ. ಅದು ತೊಂಬತ್ತೆರಡನೆಯ ಇಸವಿ.

"ಸಾಲಿ ಎಷ್ಟು ಕಲ್ತೀ?"

"ಸಾಲಿ ಬಾಗಲಾ ನೋಡೇನ್ರಿ."

"ಒಳಗ ಹೋಗಿಲ್ಲ?"

"ಒಳಗ ದನಾ ಕಟ್ಟತಿದ್ರು, ನಮ್ಮೂರಾಗ."

ನಿಜಲಿಂಗಪ್ಪ ನಗಲಿಲ್ಲ. ಒಂದು ಡಬ್ಬಿ ಹಳದಿ ಬಣ್ಣ, ಒಂದು ಬ್ರಶ್ ಕೊಟ್ಟ. ಒಂದೊಂದು ಕಬ್ಬಿಣದ ರ‍್ಯಾಕಿನ ನೆತ್ತಿಯ ಮೇಲೂ ತಾನು ಸುಣ್ಣದ ಕಡ್ಡಿಯಲ್ಲಿ ಅಂಕಿ ಬರೆಯುವನು, ಅದರ ಮೇಲೆ ಭೀಮಣ್ಣ ಬಣ್ಣ ತಿದ್ದುವನು. ನಾಲ್ಕು ದಿನಕ್ಕೆ ಇಪ್ಪತ್ತು ರ‍್ಯಾಕು ಮುಗಿದವು.

"ನಿನ್ನ ಸಾಲಿ ಇಪ್ಪತ್ತಕ್ಕ ಮುಗೀತು ನೋಡು. ಪಾಸ್," ಎಂದ ನಿಜಲಿಂಗಪ್ಪ.

ಆಮೇಲೆ ಊಟದ ಹೊತ್ತಿನಲ್ಲಿ ಖಾಲಿ ರಟ್ಟಿನ ಖೋಕಿಯ ಬೆನ್ನ ಮೇಲೆ ಹೆಸರು ಬರೆಯಲು ಕಲಿಸಿದ. ಅದಕ್ಕೆ ಎರಡು ತಿಂಗಳು ಹಿಡಿಯಿತು. ಬೇಸತ್ತ ಭೀಮಣ್ಣ ಒಮ್ಮೆ, ಹೆಬ್ಬೆಟ್ಟು ಒತ್ತಿದರೆ ಆಗದೇನ್ರಿ ಎಂದು ಕೇಳಿದ.

"ಹೆಬ್ಬೆಟ್ಟು ಬ್ಯಾರೇದವರು ಹಿಡಿದೂ ಒತ್ತಿಸಬಹುದು. ಸತ್ತವಂದೂ ಒತ್ತಿಸತಾರ. ಸಹಿ ಹಂಗಲ್ಲ. ಅದನ್ನ ನೀನೇ ಮಾಡಬೇಕು, ಬ್ಯಾಡಾದ್ರ ನೀನೇ ಬಿಡಬೇಕು."

*

ಮರುವರ್ಷ ಟೆಂಪೋದ ಗಾಲಿಗೆ ಕೂಡಿಸುವ ಮುನ್ನೂರ ನಲವತ್ತು ಬ್ರೇಕ್ ಡ್ರಮ್ಮು ಬಂದವು. ಕಣ್ಣಿಗೆ ಎಲ್ಲ ಚಲೋ. ನಿಜಲಿಂಗಪ್ಪನಿಗೊಂದು ಚಾಳಿ: ಬಂದ ಮಾಲನ್ನು ನಟ್ಟು ಬಿಗಿಯುವ ಪಾನಾದಿಂದ ಬಡಿದು ಕೇಳುವುದು. ಗಟ್ಟಿ ಡ್ರಮ್ಮು ಗುಡಿಯ ಗಂಟೆಯಂತೆ ಗುಂಯ್ ಎನ್ನುತ್ತದೆ. ಇವು ಒಡಕು ಮಡಕೆಯಂತೆ ಠಪ್ ಎಂದವು. ಒಳಗೆ ಕೂದಲೆಳೆಯ ಸೀಳು. ಕಳಿಸಿದವರು ತಿರುಗಿ ಒಯ್ಯಲಿಲ್ಲ, ಒಡೆದು ಹಾಕಿರೆಂದು ಮೇಲಿನವರು ಹೇಳಲಿಲ್ಲ. ನಿಜಲಿಂಗಪ್ಪ, ಭೀಮಣ್ಣ ಇಬ್ಬರೂ ಸೇರಿ ಅವನ್ನು ಹಿಂದಿನ ಮೂಲೆಯಲ್ಲಿ ಒಟ್ಟಿ, ಮುಂದೆ ತಂತಿಯ ಜಾಳಿಗೆ ಬಾಗಿಲು ಕೂಡಿಸಿ ಕೀಲಿ ಹಾಕಿದರು.

ತೊಡಕು ಇದ್ದದ್ದು ಕಂಪ್ಯೂಟರಿನಲ್ಲಿ. ಆ ಹಸಿರು ಅಕ್ಷರದ ಹಳೇ ಯಂತ್ರಕ್ಕೆ ಪ್ರತಿ ಮಾಲಿಗೂ ಒಂದು ರ‍್ಯಾಕಿನ ನಂಬರು ಬೇಕು. ಖಾಲಿ ಬಿಟ್ಟರೆ ಮುಂದೆ ಹೋಗುತ್ತಿರಲಿಲ್ಲ. 'ಕೆಟ್ಟದ್ದು, ಕೊಡಬ್ಯಾಡ್ರಿ' ಎಂದು ಬರೆಯಲು ಅದರಲ್ಲಿ ಜಾಗವೇ ಇಲ್ಲ. ನಿಜಲಿಂಗಪ್ಪ ಬಹಳ ಹೊತ್ತು ನೋಡಿ, ಇಪ್ಪತ್ತೊಂದು ಎಂದು ಒತ್ತಿದ.

"ಇಪ್ಪತ್ತೊಂದು ಎಲ್ಲದ್ರಿ?" ಎಂದ ಭೀಮಣ್ಣ.

"ಎಲ್ಲೂ ಇಲ್ಲ. ಇಲ್ಲದ ಜಾಗದಾಗ ಇಟ್ಟದ್ದನ್ನ ಯಾವನೂ ಹುಡುಕಿ ಒಯ್ಯಂಗಿಲ್ಲ."

ಆ ಮಾತು ಇಬ್ಬರಲ್ಲೇ ಉಳಿಯಿತು. ಒಂಬತ್ತು ವರ್ಷ ಉಳಿಯಿತು.

ಒಂದೂವರೆ ತಿಂಗಳ ಹಿಂದೆ ಕಂಪನಿಯ ಎಲ್ಲ ಕಾರಭಾರಕ್ಕೆ ಒಂದೇ ಹೊಸ ಸಾಫ್ಟ್‌ವೇರ್ ಬಂತು. ಹಳೇದರಲ್ಲಿ ಇರುವುದನ್ನೆಲ್ಲ ಕೈಯಿಂದ ಬರೆಯಬೇಕಾಗಿಲ್ಲ, ತಾನೇ ಓದಿ ತಾನೇ ತುಂಬಿಕೊಳ್ಳುವ ಹಾಗೆ ದೀಪಾಲಿ ಒಂದು ಪ್ರೋಗ್ರಾಮು ಮಾಡಿದ್ದಳು. ಹನ್ನೊಂದು ಸಾವಿರ ಸಾಲು ನಲವತ್ತು ನಿಮಿಷದಲ್ಲಿ ದಾಟಿದವು. ಏಕನಾಥ ಎಲ್ಲರಿಗೂ ಪೇಢೆ ಹಂಚಿದ. ಮರುದಿನ ಹೊಸ ಯಂತ್ರ ಚೀಟಿ ಕೊಟ್ಟಿತು: ಬ್ರೇಕ್ ಡ್ರಮ್ಮು, ಮುನ್ನೂರ ನಲವತ್ತು, ರ‍್ಯಾಕು ಒಂದು, ಕೊಡಲು ಸಿದ್ಧ.

ನಿಜಲಿಂಗಪ್ಪ ಚೀಟಿ ಹಿಡಿದು ದೀಪಾಲಿಯ ಮೇಜಿನ ಮುಂದೆ ನಿಂತ.

"ಕಾಕಾ, ಒಂದೂ ತಪ್ಪು ತೋರಿಸಿಲ್ಲ ನೋಡ್ರಿ," ಎಂದಳು ಆಕೆ. ಅವಳದೂ ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ.

"ಅದೇ ತಪ್ಪು ತಂಗಿ. ತೋರಿಸಬೇಕಾಗಿತ್ತು. ನನ್ನ ಇಪ್ಪತ್ತೊಂದು ಎಲ್ಲಿ ಹೋತು?"

ಆಕೆ ಹುಡುಕಿ ತೆಗೆದಳು. ಕಟ್ಟಡದ ನಕಾಶೆಯಲ್ಲಿ ಇಪ್ಪತ್ತೇ ರ‍್ಯಾಕು ಎಂದು ಸಾಹೇಬರು ಬರೆದು ಕೊಟ್ಟಿದ್ದರು. ಅದರಲ್ಲಿ ಇಲ್ಲದ ನಂಬರು ಬಂದರೆ ಒಂದನೆಯ ರ‍್ಯಾಕಿಗೆ ಹಾಕು ಎಂದು ಪ್ರೋಗ್ರಾಮಿಗೆ ಆಕೆಯೇ ಹೇಳಿಕೊಟ್ಟಿದ್ದಳು. ನಿಜಲಿಂಗಪ್ಪ ಅವಳನ್ನು ಮೂಲೆಗೆ ಕರೆದೊಯ್ದು ಪಾನಾದಿಂದ ಬಡಿದು ಕೇಳಿಸಿದ. ಠಪ್. ಹುಡುಗಿಯ ಮುಖ ಸಣ್ಣದಾಯಿತು.

ಏಕನಾಥನ ಮುಖ ಸಣ್ಣದಾಗಲಿಲ್ಲ. "ಒಂಬತ್ತು ವರ್ಷ ಸುಳ್ಳು ನಂಬರು ಹಾಕಿದವರು ನೀವು. ಕಣ್ಣಿಗೆ ಡ್ರಮ್ಮು ಚೆನ್ನಾಗೇ ಇವೆ. ಸಹಿ ಮಾಡಿ, ಗಾಡಿ ತುಂಬಲಿ."

"ಸುಳ್ಳು ನಂದೇ, ಒಪ್ಪಿದೆ. ಈ ಡ್ರಮ್ಮು ಹತ್ತೋ ಟೆಂಪೋದಾಗ ಯಾರ ಮನಿ ಮಂದಿ ಕುಂತಿರತಾರ, ಅದನ್ನ ನೀವು ಹೇಳ್ರಿ. ಮಾಡತೇನಿ ಸಹಿ."

ಒಂದೂವರೆ ತಿಂಗಳು ಅದೇ ಮಾತು. ಬೇರೆ ಮಾತೇ ಬರಲಿಲ್ಲ.

*

ಹೂವು ಕಟ್ಟಿದ ಟೆಂಪೋದಲ್ಲಿ ನಿಜಲಿಂಗಪ್ಪ ಕೂತೇ ಹೊರಟ. ಎರಡೂ ಕಡೆ ಹಿಡಿದುಕೊಂಡು ಮಂದಿ. ಬಿಬವೇವಾಡಿಯ ಇಳಿಜಾರಿನಲ್ಲಿ ಅಡ್ಡ ಬಂದ ರಿಕ್ಷಾಕ್ಕೆ ಡ್ರೈವರ್ ಗಪ್ಪನೆ ಬ್ರೇಕ್ ಒತ್ತಿದ. ಎಲ್ಲರೂ ಮುಂದಕ್ಕೆ ಮುಗ್ಗರಿಸಿದರು. ಈರಬಸಪ್ಪ ಹೆಣದ ಮಡಿಲಿಗೇ ಬಿದ್ದು, "ಶಿವ ಶಿವಾ," ಎಂದು ಎದ್ದ. ಟೆಂಪೋ ರಿಕ್ಷಾದಿಂದ ಗೇಣು ದೂರದಲ್ಲಿ ನಿಂತಿತ್ತು.

"ಚಲೋ ಅದ ಬ್ರೇಕು," ಎಂದ ಭೀಮಣ್ಣ, ಯಾರಿಗೋ ಹೇಳಿದಂತೆ.

ರುದ್ರಭೂಮಿಯಲ್ಲಿ ಅಯ್ಯನವರು ಮಂತ್ರ ಹೇಳಿದರು. ಗುಂಡಿಯೊಳಗೆ ಇಳಿದು ನಿಜಲಿಂಗಪ್ಪನನ್ನು ಗೂಡಿನಲ್ಲಿ ಕೂರಿಸಿದವನು ಭೀಮಣ್ಣನೇ. ಈ ಸಲ ಯಾವ ಪೈಕಿ ಎಂದು ಯಾರೂ ಕೇಳಲಿಲ್ಲ. ಬಿಲ್ವಪತ್ರೆ, ಉಪ್ಪು, ವಿಭೂತಿ. ಕೊನೆಗೆ ಮಣ್ಣು.

ದೀಪಾಲಿ ಬೇವಿನ ಗಿಡದ ಕೆಳಗೆ ಭೀಮಣ್ಣನಿಗೆ ಕಾದಿದ್ದಳು.

"ಕಾಕಾ, ಹಳೇ ಕಂಪ್ಯೂಟರ್ ಚಾಲೂ ಇರೋತನಕ ಇಪ್ಪತ್ತೊಂದರ ಸಾಲು ತಿರುಗಿ ತರಬಹುದು. ಹೊಸದರಾಗ ಒಂದು ರ‍್ಯಾಕಿಗೆ 'ಕೊಡಬ್ಯಾಡ್ರಿ' ಅಂತ ಕೀಲಿ ಹಾಕಾಕೂ ಬರತದ. ಹತ್ತು ಮಿನಿಟಿನ ಕೆಲಸ. ಐದರ ಮ್ಯಾಲ ಯಾರಿಗೂ ಆಗಂಗಿಲ್ಲ. ಆದ್ರ ಕಟ್ಟಡದಾಗ ಇದ್ದ ರ‍್ಯಾಕು ಅಷ್ಟೇ ಹಾಕು ಅಂತ ಸಾಹೇಬ್ರು ಬರದು ಕೊಟ್ಟಾರ. ಇಲ್ಲದ ರ‍್ಯಾಕು ನಾ ಎಲ್ಲಿಂದ ತರಲಿ?"

ಭೀಮಣ್ಣ ತನ್ನ ಕೈ ನೋಡಿಕೊಂಡ. ಬೆರಳ ಸಂದಿಯಲ್ಲೆಲ್ಲ ವಿಭೂತಿ ಮೆತ್ತಿತ್ತು. ಗೇಟಿನ ಹೊರಗೆ ಕಂಪನಿ ಬಸ್ಸು ಹಾರ್ನ್ ಹಾಕುತ್ತಿತ್ತು. ಮಣ್ಣಿಗೆ ಬಂದ ಎರಡನೆಯ ಪಾಳಿಯವರನ್ನು ಒಯ್ಯಬೇಕು. ಭೀಮಣ್ಣನ ಮಂದಿಯಲ್ಲಿ ಮಣ್ಣಿನಿಂದ ನೇರ ಕೆಲಸಕ್ಕೆ ಹೋಗುವ ಪದ್ಧತಿಯಿಲ್ಲ. ಮನೆಗೆ ಹೋಗಿ ಮಿಂದು ಹೊರಡುವಷ್ಟರಲ್ಲಿ ಐದು ಹೊಡೆದುಹೋಗುತ್ತದೆ.

"ಅಕ್ಕಾರ," ಎಂದ ಸಾವಂತ್ರವ್ವನ ಹತ್ತಿರ ಹೋಗಿ. "ಮೈಲಿಗಿ ಮೈ. ಸ್ಟೋರಿಗೆ ಹೋಗಬೇಕಾಗ್ಯದ."

ಸಾವಂತ್ರವ್ವ ಬೆಳಗಿನಿಂದ ಮೊದಲ ಸಲ ಸೆರಗಿನಿಂದ ಕಣ್ಣೊರಸಿಕೊಂಡಳು.

"ನಮ್ಮ ಧರ್ಮದಾಗ ಸೂತಕ ಇಲ್ಲೋ ಭೀಮಣ್ಣ. ಲಿಂಗದ ಜೋಡಿ ಹೋದವರಿಗೆ ಎಲ್ಲೀ ಮೈಲಿಗಿ? ಇದ್ದಂಗ ಹೋಗು. ಕೈ ಸುದ್ದಾ ತೊಳಕೋಬ್ಯಾಡ."

*

ಸ್ಟೋರಿಗೆ ಬಂದಾಗ ನಾಲ್ಕೂಕಾಲು. ಕಾರಿನಲ್ಲಿ ಮುಂದೆ ಬಂದಿದ್ದ ಏಕನಾಥ, ನಿಜಲಿಂಗಪ್ಪನ ಸ್ಟೂಲಿನ ಪಕ್ಕ ಕಾಗದ, ಪೆನ್ನು ಇಟ್ಟುಕೊಂಡು ನಿಂತಿದ್ದ. ಬಸ್ಸಿನಲ್ಲಿ ಬಂದ ದೀಪಾಲಿ ತನ್ನ ಮೇಜಿಗೆ ಹೋಗಿ ಕೂತಳು. ಹಳೇ ಕಂಪ್ಯೂಟರಿನ ಹಸಿರು ಗೆರೆ ಮಿಣುಕುತ್ತಿತ್ತು.

"ಬಾ. ನಿನ್ನ ಹೆಸರು ಬರೆಯಲು ಬರುತ್ತದಲ್ಲ?"

"ಬರತದ್ರಿ," ಎಂದ ಭೀಮಣ್ಣ. ಪೆನ್ನು ದಾಟಿ, ಸಾಹೇಬನನ್ನೂ ದಾಟಿ, ಕೊನೆಯ ರ‍್ಯಾಕಿನ ಅಡಿಯಿಂದ ಹಳದಿ ಬಣ್ಣದ ಡಬ್ಬಿ, ಬ್ರಶ್ ತೆಗೆದ. ಮುಚ್ಚಳ ಹಿಡಿದುಕೊಂಡಿತ್ತು. ಸ್ಕ್ರೂಡ್ರೈವರಿನಿಂದ ಮೀಟಿದ.

"ಏನು ಮಾಡುತ್ತಿದ್ದೀ?"

ಮೂಲೆಯ ಜಾಳಿಗೆ ಬಾಗಿಲಿಗೆ ಬಡಿದ ತಗಡಿನ ಮುಂದೆ ಭೀಮಣ್ಣ ನಿಂತ. ಇಪ್ಪತ್ತರ ಮುಂದಿನದನ್ನು ಅವನಿಗೆ ಯಾರೂ ಬರೆದು ಕೊಟ್ಟಿರಲಿಲ್ಲ. ತಿರುಗಿ ಕೊನೆಯ ರ‍್ಯಾಕಿನ ನೆತ್ತಿ ನೋಡಿ, ಅದರ ಎರಡು ಕಣ್ಣಲ್ಲಿ ತಂದುಕೊಂಡ. ಆ ತುದಿಗಿದ್ದ ಮೊದಲ ರ‍್ಯಾಕು ನೋಡಿ, ಅದರ ಒಂದು ತಂದುಕೊಂಡ. ಸುಣ್ಣದ ಗೆರೆಯಿಲ್ಲದೆ ಮೊದಲ ಸಲ ಬ್ರಶ್ ಎಳೆದ. ಎರಡು ತುಸು ಓರೆಯಾಯಿತು. ಒಂದು ನೆಟ್ಟಗೆ ನಿಂತಿತು.

ಪಾಳಿಯ ಮಂದಿ ಬಾಗಿಲಲ್ಲಿ ಗುಂಪುಗೂಡಿದರು.

"ಬಣ್ಣ ಬಳಿದರೆ ರ‍್ಯಾಕು ಆಗುತ್ತದೇನೋ?" ಏಕನಾಥನ ದನಿ ಏರಿತು.

"ಉಳಿದ ಇಪ್ಪತ್ತು ಹ್ಯಾಂಗ ಆದವ್ರಿ? ಅವಕ್ಕೂ ನಾನೇ ಬಳದೇನಿ."

ಬಾಗಿಲಲ್ಲಿ ಯಾರೋ ನಕ್ಕರು. ಇದು ಸಾವಿನ ಮನೆಯಲ್ಲ, ಯಾರೂ ಕೆಮ್ಮಲಿಲ್ಲ.

"ನಾಳೆಯಿಂದ ಈ ಗೇಟಿನೊಳಗೆ ಕಾಲಿಡಬೇಡ!"

"ನಾಳಿದು ನಾಳೆ ನೋಡೂಣ್ರಿ. ಇವತ್ತಿನ ಪಾಳಿ ನಂದದ."

ಭೀಮಣ್ಣ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟ. ಜಾಳಿಗೆ ಬಾಗಿಲಿಗೆ ಬೆನ್ನು ಹಚ್ಚಿ, ಕಾಲು ಮಡಚಿ, ಬೆಳಿಗ್ಗೆ ತಾನು ಕೂರಿಸಿದವನ ಹಾಗೇ ನೆಟ್ಟಗೆ ಕೂತ. ಹೊರಗೆ ಗುಜರಿಯವನ ಟೆಂಪೋ ಬಂದು ನಿಂತ ಸದ್ದಾಯಿತು.

ದೀಪಾಲಿ ಕುರ್ಚಿಯಿಂದ ಎದ್ದಳು. ಸಾಹೇಬನ ಮುಖ ನೋಡಲಿಲ್ಲ. ಮೊದಲ ರ‍್ಯಾಕಿನಿಂದ ಒಂದೊಂದನ್ನೂ ಬೆರಳಿನಿಂದ ತೋರಿಸುತ್ತ, ಎಲ್ಲರಿಗೂ ಕೇಳುವ ಹಾಗೆ ಎಣಿಸುತ್ತ ಬಂದಳು. ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು. ಮೂಲೆಗೆ ಬಂದು ನಿಂತಳು.

"ಕಾಕಾ, ಜರಾ ಬಾಜೂ ಸರೀರಿ. ನಂಬರ್ ಕಾಣವಲ್ದು. ಐದರೊಳಗ ಬರದು ಹಾಕಬೇಕು."

ಭೀಮಣ್ಣ ಏಳಲಿಲ್ಲ. ಕೂತಲ್ಲೇ ಗೇಣು ಬಲಕ್ಕೆ ಸರಿದ. ಹಸಿ ಬಣ್ಣ ತಗಡಿನಿಂದ ಇಳಿಯುತ್ತಿತ್ತು. ಅವನ ಬಿಳಿ ಅಂಗಿಯ ಬೆನ್ನ ಮೇಲೆ ಹಳದಿಯ ಒಂದರ ಅಂಕಿ ಅಚ್ಚೊತ್ತಿ ನಿಂತಿತ್ತು.