ಗುಂಡಿ ತೋಡಿದವರ ಹೆಸರು

"ಡಬ್ಬಿ ಕೆಳಗಿಡಿ ಸಾರ್."

ಮಂಚದ ಕೆಳಗಿಂದ ಎಳೆದ ತಗಡಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಚಕ್ರಪಾಣಿಯವರು ತಿರುಗಿದರು. ಬಾಗಿಲಲ್ಲಿ ಕಮಲಮ್ಮ ನಿಂತಿದ್ದಳು. ಹೊರಗೆ ಚಾಮರಾಜಪೇಟೆಯ ಆ ವಠಾರದ ಅಂಗಳದಲ್ಲಿ ಅವಳ ಗಂಡ ದೇವಯ್ಯನ ಹೆಣಕ್ಕೆ ಹಾರ ಹಾಕುತ್ತಿದ್ದರು. ಉಸಿರು ನಿಂತು ಒಂದು ದಿನವೂ ಆಗಿರಲಿಲ್ಲ.

"ಸಮಾಧಾನ ಮಾಡ್ಕೊಳ್ಳಿ ಕಮಲಮ್ಮ, ಅಳಬೇಡಿ," ಎಂದರು ಚಕ್ರಪಾಣಿಯವರು. ಕಮಲಮ್ಮ ಅಳುತ್ತಿರಲಿಲ್ಲ. "ನನ್ನ ನೋಟ್ಸು ಇದರಲ್ಲಿದೆ. ಅಮೆರಿಕದ ಯೂನಿವರ್ಸಿಟಿಯವರು ಮೂಲ ಟಿಪ್ಪಣಿ ಕೇಳಿದಾರೆ, ನಾಳೆನೇ ಕಳಿಸ್ಬೇಕು. ದೇವಯ್ಯ ಇದ್ದಿದ್ರೆ ಅವನೇ ತಂದ್ಕೊಡ್ತಿದ್ದ."

"ನಿಮ್ಮ ನೋಟ್ಸಾ? ತೆಗೆದು ನೋಡಿ ಸಾರ್, ಯಾರ ಕೈಬರಹ ಅಂತ."

ಅವರು ತೆಗೆಯಲಿಲ್ಲ. ಹೇಗೆ ತೆಗೆದಾರು? ಬಸವನಗುಡಿಯ ಇತಿಹಾಸ ಸಂಸ್ಥೆಗೆ ಅವರು ಇಪ್ಪತ್ತು ವರ್ಷ ನಿರ್ದೇಶಕರು; ದೇವಯ್ಯ ಮೂವತ್ತೊಂದು ವರ್ಷ ಅಲ್ಲಿ ಫಿಲಂ ರಿಪೇರಿಯವನು. ಯಾವುದೋ ಲೈಬ್ರರಿಯವರು ಬೇಡವೆಂದು ಕೊಟ್ಟ ಹಳೆಯ ರೀಲುಗಳು ಅಲ್ಲಿ ಕಪಾಟುಗಟ್ಟಲೆ ಇದ್ದವು. ಎಲ್ಲವೂ ಅಮೆರಿಕದ ಸೈನ್ಯದ್ದು, ಮೊದಲನೇ ಮಹಾಯುದ್ಧದ ಕಾಲದ್ದು. ಒಂದೊಂದನ್ನೂ ಬೆರಳ ನಡುವೆ ಹಾಯಿಸಿ, ಹರಿದಲ್ಲಿ ಅಂಟಿಸಿ, ಅದರಲ್ಲಿ ಏನೇನು ಕಾಣುತ್ತದೆಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುವುದು ದೇವಯ್ಯನ ಕೆಲಸ. ಡಬ್ಬಿಯಲ್ಲಿದ್ದದ್ದು ಆ ಪುಸ್ತಕ.

ಮಗಳು ಧನುಶ್ರೀ ಒಳಗೆ ಬಂದು ತಾಯಿಯ ತೋಳು ಹಿಡಿದಳು. "ಅಮ್ಮಾ, ಇವತ್ತು ಬೇಡ. ಜನ ನೋಡ್ತಿದಾರೆ."

"ನೋಡ್ಲಿ ಬಿಡು. ಇಷ್ಟು ವರ್ಷ ಯಾರೂ ನೋಡ್ಲಿಲ್ಲ."

ಕಮಲಮ್ಮ ಡಬ್ಬಿಯನ್ನು ಕಿತ್ತುಕೊಂಡು ಕಂಕುಳಲ್ಲಿ ಅವುಚಿಕೊಂಡಳು. ಹೆಣ ಎತ್ತಿದಾಗಲೂ ಅದು ಅಲ್ಲೇ ಇತ್ತು.

*

೧೯೯೪ರ ಒಂದು ಭಾನುವಾರ ಮಧ್ಯಾಹ್ನ ದೇವಯ್ಯ ಅವಳನ್ನು ಸಂಸ್ಥೆಗೆ ಕರೆದುಕೊಂಡು ಹೋಗಿದ್ದ. ಗಾಂಧಿ ಬಜಾರಿನಲ್ಲಿ ದೋಸೆ ಕೊಡಿಸುತ್ತಾನೆಂದು ಅವಳು ಹೊಸ ಸೀರೆ ಉಟ್ಟು ಹೊರಟಿದ್ದಳು.

"ಇದಕ್ಕಾ ಇಷ್ಟು ದೂರ ನಡೆಸ್ಕೊಂಡು ಬಂದಿದ್ದು?"

"ಸುಮ್ನೆ ನೋಡೇ ಕಮಲಾ."

ಮೇಜಿನ ಮೇಲೆ ರೀಲು ಸುತ್ತಿದ ಎರಡು ಚಕ್ರ, ನಡುವೆ ದೀಪವಿದ್ದ ಅಂಗೈಯಗಲದ ಗಾಜು. ಅವನು ಹಿಡಿ ತಿರುಗಿಸಿದ. ಗಾಜಿನಲ್ಲಿ ಕೆಸರು ನೆಲ ಕಂಡಿತು. ಸಾಲು ಸಾಲು ಗುಂಡಿಗಳು, ಪಕ್ಕದಲ್ಲಿ ಸನಿಕೆ ಹಿಡಿದ ಏಳು ಜನ ಕರಿಯ ಸೈನಿಕರು. ಒಬ್ಬ ಟೋಪಿ ತೆಗೆದು ಬೆವರೊರೆಸಿಕೊಂಡು ನೆಟ್ಟಗೆ ಇವಳನ್ನೇ ನೋಡಿದ. ಅಷ್ಟರಲ್ಲಿ ಬಿಳಿಯ ಅಧಿಕಾರಿಯೊಬ್ಬ ಬಂದು, ನೊಣ ಓಡಿಸುವಂತೆ ಕೈ ಬೀಸಿದ. ಏಳು ಜನವೂ ಗಾಜಿನ ಅಂಚಿನಿಂದಾಚೆ ಸರಿದುಹೋದರು. ಆಮೇಲೆ ಬಂದದ್ದೆಲ್ಲ ಹೂವಿನ ಚಕ್ರ, ಸಲಾಮು, ತುತ್ತೂರಿ.

"ಫ್ರಾನ್ಸು, ಹತ್ತೊಂಬೈನೂರ ಹತ್ತೊಂಬತ್ತು," ಎಂದ ದೇವಯ್ಯ. "ಯುದ್ಧದಲ್ಲಿ ಸತ್ತೋರನ್ನೆಲ್ಲ ಹೂತೋರು ಇವರು. ಸಮಾರಂಭಕ್ಕೆ ಮಾತ್ರ ಬೇಡ. ಸಾರ್ ಹೇಳಿದ್ರು, ಆ ತುಂಡು ಹಾಳಾಗಿದೆ, ಕತ್ತರಿಸಿ ಬಿಸಾಕು ಅಂತ."

"ಬಿಸಾಕಿದ್ರಾ?"

"ನಲವತ್ತು ದಿನ ಕೂತು ಅಂಟಿಸ್ದೆ." ಅವನು ಹಿಡಿಯನ್ನು ಹಿಂದಕ್ಕೆ ತಿರುಗಿಸಿದ. ಆ ಏಳು ಜನ ವಾಪಸು ಬಂದು ತಮ್ಮ ಜಾಗದಲ್ಲಿ ನಿಂತರು. "ನಮ್ಮಪ್ಪನೂ ಊರಲ್ಲಿ ಹಿಂಗೇ ನಿಲ್ಲೋನು. ಗುಂಡಿ ತೋಡೋವರೆಗೂ ಬಾರೋ ಅನ್ನೋರು, ಮಣ್ಣಿಗೆ ಜನ ಬಂದ್ಮೇಲೆ ದೂರ ಹೋಗೋ ಅನ್ನೋರು."

ಆಮೇಲೆ ಅವನು ಪುಸ್ತಕದಲ್ಲಿ ಬರೆದುದನ್ನು ಅವಳೇ ಅಕ್ಷರ ಕೂಡಿಸಿಕೊಂಡು ಓದಿದಳು. ಅವಳಿಗೆ ಓದು ಬರಹ ಕಲಿಸಿದವನೂ ಅವನೇ. "ಗುಂಡಿ ತೋಡಿದವರು ಏಳು ಜನ. ಹೆಸರು ಗೊತ್ತಿಲ್ಲ."

*

ಐದು ವರ್ಷದ ಮೇಲೆ ಚಕ್ರಪಾಣಿಯವರ ಪುಸ್ತಕ ಬಂತು. ಇತಿಹಾಸ ಮರೆತ ಕೂಲಿಗಳ ಬಗ್ಗೆಯಂತೆ! 'ಹಾಳಾದ ರೀಲೊಂದರ ತುದಿಯಲ್ಲಿ ನಾನು ಈ ಏಳು ಮಂದಿಯನ್ನು ಗುರುತಿಸಿದೆ' ಎಂದು ಮೊದಲ ಪುಟದಲ್ಲೇ ಇತ್ತು. ಕೊನೆಯ ಪುಟದಲ್ಲಿ 'ತಾಂತ್ರಿಕ ನೆರವು: ಸಂಸ್ಥೆಯ ಸಿಬ್ಬಂದಿ.' ಬಿಡುಗಡೆಯ ದಿನ ಗಂಡಹೆಂಡಿರು ಹಿಂದಿನ ಸಾಲಿನಲ್ಲಿ ಕೂತು ಕಾದರು. ವೇದಿಕೆಯಿಂದ ಶಾಮಿಯಾನದವನ ಹೆಸರು ಕೂಡ ಕರೆದರು, ದೇವಯ್ಯನದು ಕರೆಯಲಿಲ್ಲ. ಅವನು ಮನೆಗೆ ಬಂದು ತಾನು ಬರೆದಿಟ್ಟ ಆ ಉದ್ದನೆಯ ಪುಸ್ತಕವನ್ನು ಡಬ್ಬಿಗೆ ಹಾಕಿ ಮಂಚದ ಕೆಳಗೆ ತಳ್ಳಿದ. ಅಷ್ಟೇ. ಕಮಲಮ್ಮ ಬೈದಳು, ಗೋಗರೆದಳು. ಅವನು ಬಾಯಿ ಬಿಡಲಿಲ್ಲ. ಚಕ್ರಪಾಣಿಯವರ ಮೇಲಿದ್ದಷ್ಟೇ ಸಿಟ್ಟು ಅವಳಿಗೆ ಆ ಮೌನದ ಮೇಲೂ ಇತ್ತು. ಸತ್ತ ಗಂಡನ ಮೇಲೆ ಈಗ ಅದನ್ನು ತೀರಿಸಿಕೊಳ್ಳುವುದು ಹೇಗೆ?

*

ರುದ್ರಭೂಮಿಯಲ್ಲಿ ಬುದ್ಧಂ ಶರಣಂ ಎಂದು ತ್ರಿಶರಣ ಹೇಳಿ ಹೆಣ ಇಳಿಸಿದರು. ಬಂದವರೆಲ್ಲ ಮೂರು ಮೂರು ಹಿಡಿ ಮಣ್ಣು ಹಾಕಿದರು. ಚಕ್ರಪಾಣಿಯವರು ಹಿಡಿಯ ಬದಲು ಚಿಟಿಕೆ ಹಾಕಿ, ಕರವಸ್ತ್ರದಲ್ಲಿ ಬೆರಳೊರೆಸಿಕೊಂಡು, ಗುಂಡಿಯ ತಲೆಯ ಕಡೆ ಹೋಗಿ ನಿಂತರು. ಸಂಸ್ಥೆಯ ದಾಖಲೆಗೆ ಇರಲೆಂದು ಅವರು ವಂಶಿ ಎಂಬ ವಿಡಿಯೋದವನನ್ನೂ ಕರೆತಂದಿದ್ದರು.

"ಬಂಧುಗಳೇ, ಅಜ್ಞಾತ ಶ್ರಮಿಕರ ಬಗ್ಗೆ ನನ್ನ ಪುಸ್ತಕದಲ್ಲಿ ನಾನು ಹೇಳಿರುವ ಹಾಗೆ..."

"ಒಂದ್ನಿಮಿಷ ಸಾರ್," ಎಂದ ವಂಶಿ ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ಅಣ್ಣಾ, ಸನಿಕೆ ಹಿಡಿದಿರೋರು, ಸ್ವಲ್ಪ ಆ ಕಡೆ ಹೋಗಿ. ಫ್ರೇಮಲ್ಲಿ ಬರ್ತಿದೀರ."

ಗುಂಡಿ ತೋಡಿದ ರಾಮಾಂಜಿನಪ್ಪನಿಗೆ ಅದು ತನಗೇ ಹೇಳಿದ್ದೆಂದು ತಕ್ಷಣ ತಿಳಿಯಲಿಲ್ಲ. ಚಕ್ರಪಾಣಿಯವರು ಅವನತ್ತ ನೋಡದೆಯೇ ಕೈ ಬೀಸಿದರು. ರಾಮಾಂಜಿನಪ್ಪ ತಲೆ ತಗ್ಗಿಸಿ ಸರಿದ. ಮಂಕರಿ ಹಿಡಿದಿದ್ದ ಅವನ ಹೆಂಡತಿ ಅಂಜಮ್ಮನೂ ಹಿಂದೆಯೇ ಸರಿದಳು.

ಅದೇ ಕೈ. ಅದೇ ನೊಣ ಓಡಿಸುವ ಬೀಸು. ಕಮಲಮ್ಮ ಜನರನ್ನು ಸರಿಸಿಕೊಂಡು ಮುಂದೆ ನುಗ್ಗಿದಳು.

"ನಿಂತ್ಕೊಳ್ಳಪ್ಪಾ ಅಲ್ಲೇ! ನೀನ್ಯಾಕೆ ಹೋಗ್ತೀಯ? ನೀನೂ ಬಾಮ್ಮ ಈಚೆಗೆ." ಅವಳು ಚಕ್ರಪಾಣಿಯವರ ಎದುರಿಗೇ ಬಂದು ನಿಂತಳು. "ಇವರ ಬಗ್ಗೆನೇ ಅಲ್ವಾ ಸಾರ್ ನೀವು ಪುಸ್ತಕ ಬರ್ದಿದ್ದು? ಆ ರೀಲಿನ ತುಂಡನ್ನೂ ಬಿಸಾಕು ಅಂದಿದ್ರಿ. ನಮ್ಮೆಜಮಾನ್ರು ಅಂಟಿಸದೇ ಇದ್ದಿದ್ರೆ ನೀವು ಯಾರನ್ನ ಗುರುತಿಸ್ತಿದ್ರಿ?"

"ದುಃಖದಲ್ಲಿ ಏನೋ ಮಾತಾಡ್ತಿದೀರ ಕಮಲಮ್ಮ..."

"ದುಃಖ ಅಲ್ಲ ಇದು, ಸಿಟ್ಟು. ಮಾತಾಡ್ಬೇಕಾ? ಆ ಸನಿಕೆ ತಗೊಂಡು ನಾಲ್ಕು ಸಲ ಮಣ್ಣು ಎಳೀರಿ. ಆಮೇಲೆ ಮಾತಾಡಿ."

ಚಕ್ರಪಾಣಿಯವರು ತಮ್ಮ ಬಿಳಿ ಪಂಚೆಯನ್ನು ನೋಡಿಕೊಂಡರು, ಆಮೇಲೆ ಧನುಶ್ರೀಯ ಕಡೆ ನೋಡಿದರು. "ನೀನಾದ್ರೂ ಹೇಳಮ್ಮ. ಓದಿದೋಳು. ಆ ಡಬ್ಬಿಲಿರೋ ಪುಸ್ತಕ ನಾಳೆ ಅಮೆರಿಕಕ್ಕೆ ಹೋಗ್ಲೇಬೇಕು."

"ಹೋಗುತ್ತೆ ಸಾರ್," ಎಂದಳು ಧನುಶ್ರೀ. "ನಾನೇ ಕಳಿಸ್ತೀನಿ. ಅಪ್ಪನ ಹೆಸರಲ್ಲಿ."

ಕೊನೆಗೆ ಸರಿದದ್ದು ಚಕ್ರಪಾಣಿಯವರೇ. ವಂಶಿ ಏನು ಮಾಡಬೇಕೆಂದು ತೋಚದೆ ಕ್ಯಾಮೆರಾ ಇಳಿಸಿದ.

"ಕ್ಯಾಮೆರಾ ಹಿಡಿಯಪ್ಪ," ಎಂದಳು ಕಮಲಮ್ಮ. "ಮುಚ್ಚೋವರೆಗೂ ಹಿಡಿ."

ಗುಂಡಿ ತುಂಬಿ ದಿಬ್ಬವಾಗುವವರೆಗೂ ವಂಶಿ ಹಿಡಿದ. ರಾಮಾಂಜಿನಪ್ಪ ಮೊದಲು ನಾಚಿಕೊಂಡ, ಆಮೇಲೆ ಕ್ಯಾಮೆರಾ ಮರೆತು ಕೆಲಸ ಮಾಡಿದ. ಮುಗಿದಾಗ ಕಮಲಮ್ಮ ಗಂಡಹೆಂಡಿರ ಹೆಸರು ಕೇಳಿಕೊಂಡು, ವಂಶಿಯಿಂದ ಕ್ಯಾಸೆಟ್ಟನ್ನೂ ಪೆನ್ನನ್ನೂ ಇಸಿದುಕೊಂಡಳು. ಡಬ್ಬಿಯನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಕ್ಯಾಸೆಟ್ಟಿಟ್ಟು, ಅದಕ್ಕಂಟಿಸಿದ್ದ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ನಿಧಾನವಾಗಿ ಬರೆದಳು. 'ದೇವಯ್ಯ, ಫಿಲಂ ರಿಪೇರಿ. ಗುಂಡಿ ತೋಡಿದವರು ರಾಮಾಂಜಿನಪ್ಪ, ಅಂಜಮ್ಮ.' ಕೊನೆಯ ಹೆಸರಿಗೆ ಜಾಗ ಸಾಲದೆ ಚೀಟಿಯ ಅಂಚಿನಲ್ಲಿ ಬಗ್ಗಿಸಿ ಬರೆಯಬೇಕಾಯಿತು.

"ನಂದೆಲ್ಲೈತವ್ವ?" ಎಂದು ಕೇಳಿದ ಓದು ಬಾರದ ರಾಮಾಂಜಿನಪ್ಪ.

ಅವಳು ತೋರಿಸಿದಳು. ಅವನು ಬೆರಳು ಚಾಚಿದವನು ತಡೆದು, ಅದಕ್ಕಂಟಿದ್ದ ಮಣ್ಣನ್ನು ಹೆಗಲ ಟವೆಲಿಗೆ ಒರೆಸಿಕೊಂಡು, ಆಮೇಲೆ ಅಕ್ಷರಗಳ ಮೇಲಿಟ್ಟ.